ಅಪ್ಪ ಬಿಟ್ಟ ಸಾಲು

ಈಗೀಗ ನಮ್ಮ ಕಡೆಯ ಪದಗಳಿಗೆ, ಅಂದರೆ ಹಾಡುಗಳಿಗೆ, ಮತ್ತೆ ತೂಕ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ನಾಗಮಂಗಲದಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನ ಹುಡುಗಿಯ ಫೋನಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಮೇಲೆ ಕಟ್ಟಿದ ಪದ ಕೇಳುತ್ತದೆ, ಮಾರಿದ ಎತ್ತಿನ ಮೇಲೆ, ಮುದುಕಿಯಾಗುತ್ತಿರುವ ಹೆಂಡತಿಯ ಮೇಲೆ ಕಟ್ಟಿದ್ದು ಕೇಳುತ್ತದೆ. ಕೆಲವು ವರ್ಷದ ಹಿಂದೆ ಅದೇ ಬಸ್ಸಿನಲ್ಲಿ ಎಣ್ಣೆ, ಹುಡುಗಿ, ಬೈಕು ಬಿಟ್ಟರೆ ಬೇರೆ ವಿಷಯವೇ ಇರಲಿಲ್ಲ. ಮೊನ್ನೆ ಪಾಂಡವಪುರದ ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿ, ತೂಕದ ಪದ ಕಟ್ಟುವುದು ಹೇಗೆಂದು ಹೊಸಬರಿಗೆ ಹೇಳಿಕೊಡಿ ಎಂದರು. ಶಾಲು ಹೊದ್ದವರು ನಗಬಾರದು, ಅದಕ್ಕೆ ತಡೆದುಕೊಂಡೆ. ನನಗೆ ಗೊತ್ತಿರುವುದು ಒಂದೇ ಮನೆ, ಅದರ ನಡುವಿನ ಒಂದು ತೊಟ್ಟಿ, ಅಲ್ಲಿ ಕೆಲವು ತಿಂಗಳು ನಡೆದ ಒಂದು ಜಗಳ. ಅವ್ವ ನಮ್ಮ ಜೊತೆ ಇರುತ್ತಾಳೋ ಬಿಟ್ಟು ಹೋಗುತ್ತಾಳೋ ಎನ್ನುವುದು ಆಗ ಒಂದು ಪದದ ಮೇಲೆ ನಿಂತಿತ್ತು. ಅದನ್ನೆಲ್ಲ ಬರೆಯಲೇ ಎಂದು ಅವ್ವನನ್ನೇ ಕೇಳಿದೆ. ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಲಿಲ್ಲ.

"ಬರ್ಕೊ. ಬುಟ್ಟು ಬುಟ್ಟು ಬರೀಬ್ಯಾಡ."

ನಮ್ಮ ಮನೆ ಹೊಣಕೆರೆಯ ಆಚೆ, ತೆಂಗು ಮತ್ತು ರಾಗಿ ಬಿಟ್ಟರೆ ಹೆಚ್ಚೇನೂ ಕೊಡದ ನೆಲದಲ್ಲಿತ್ತು. ನಾಡಹೆಂಚಿನ ಮನೆ. ಬಾಗಿಲು ದಾಟಿದ ಕೂಡಲೇ ಒಂದು ಕಡೆ ದನದ ಕೊಟ್ಟಿಗೆ, ಇನ್ನೊಂದು ಕಡೆ ಅಜ್ಜಿಯ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಹಿಂದೆ ಅಡುಗೆಮನೆ, ಅದರ ಪಕ್ಕದ ಕತ್ತಲೆ ಕೋಣೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಗಳು ಮತ್ತು ಅವ್ವನ ಮಂಚ. ಮಂಚದ ಕೆಳಗೆ ಅವಳು ತವರಿನಿಂದ ತಂದ ತಗಡಿನ ಟ್ರಂಕು. ಅಜ್ಜಿ ಎಂದರೆ ಅಪ್ಪನ ಅವ್ವ. ಮಂಡಿ ಹಿಡಿದುಕೊಂಡು ಪಡಸಾಲೆಯಲ್ಲೇ ಕೂತಿದ್ದರೂ ಮನೆಯ ಕಾನೂನೆಲ್ಲ ಆಕೆಯದು. ಸಂಜೆ ಉಗುರು ಕತ್ತರಿಸಬಾರದು, ಹೊಸಿಲ ಮೇಲೆ ಕೂತು ಉಣ್ಣಬಾರದು, ಸೂರಿನ ಕೆಳಗೆ ಇಂಥ ಮಾತು ಆಡಬಾರದು, ಇಂಥ ಪದ ಹೇಳಬಾರದು. ಅವ್ವ ಸಿಂಧಘಟ್ಟದವಳು, ಗದ್ದೆ ಬಯಲಿನ ಮಗಳು. ಒಣನೆಲಕ್ಕೆ ಬಂದು ಬಿದ್ದೆ ಎಂದು ಬಾಯಿಬಿಟ್ಟು ಅಂದವಳಲ್ಲ, ಆದರೆ ನಮ್ಮ ಬಾವಿಯ ನೀರು ಸೇದುವಾಗೆಲ್ಲ ಹಗ್ಗದ ಉದ್ದ ನೋಡಿ ಒಂದು ಉಸಿರು ಬಿಡುತ್ತಿದ್ದಳು. ಅಜ್ಜಿಗೆ ಆ ಉಸಿರು ಕೇಳಿಸುತ್ತಿತ್ತು. ಆವತ್ತಿನ ಸಾರಿಗೆ ಉಪ್ಪು ಹೆಚ್ಚು ಅಂತಲೋ ಕಡಿಮೆ ಅಂತಲೋ ಅದಕ್ಕೆ ಉತ್ತರ ಬರುತ್ತಿತ್ತು.

ಅಪ್ಪನನ್ನು ಸುತ್ತಲ ಊರುಗಳಲ್ಲಿ ಪದದ ನಂಜಣ್ಣ ಎನ್ನುತ್ತಿದ್ದರು. ಬೆಳಿಗ್ಗೆ ಹೊಲ, ಮಧ್ಯಾಹ್ನ ಪದ. ಅದು ಕ್ಯಾಸೆಟ್ಟಿನ ಕಾಲ. ನಾಗಮಂಗಲದ ಒಬ್ಬ ಅಂಗಡಿ ಸಾವುಕಾರರು ಅಪ್ಪನ ದನಿಯನ್ನು ಕ್ಯಾಸೆಟ್ಟಿಗೆ ತುಂಬಿ ಮಾರುತ್ತಿದ್ದರು. ಮದುವೆಮನೆಯ ಮೈಕಿನಲ್ಲಿ, ಕಬ್ಬಿನ ಲಾರಿಯಲ್ಲಿ, ಕೆ.ಆರ್. ಪೇಟೆಯ ಟೀ ಅಂಗಡಿಯಲ್ಲಿ ಅಪ್ಪ ಹಾಡುತ್ತಲೇ ಇರುತ್ತಿದ್ದ. "ಕೆಂಪು ಟ್ರಾಕ್ಟರು ಬಂದೈತೆ, ಕೆಂಪಮ್ಮ ಎಲ್ಲಿ ನಿಂತವ್ಳೆ" ಎನ್ನುವುದು ಆತನ ಎಲ್ಲಕ್ಕಿಂತ ಓಡಿದ ಪದ. ಅದರಲ್ಲಿ ಕೆಂಪಮ್ಮ ಟ್ರಾಕ್ಟರು ಹತ್ತುತ್ತಾಳೆ, ಸೀರೆ ಹಾರುತ್ತದೆ, ಊರಿನ ಗಂಡಸರೆಲ್ಲ ಹಳ್ಳಕ್ಕೆ ಬೀಳುತ್ತಾರೆ, ಅಷ್ಟೇ. ಕುಡಿದವನ ಮೇಲೊಂದು, ನಾದಿನಿಯ ಮೇಲೊಂದು, ಕೋಳಿ ಕದ್ದವನ ಮೇಲೊಂದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಪ್ಪನೂ ಕಟ್ಟುತ್ತಲೇ ನಗುತ್ತಿದ್ದ, ಕಳ್ಳತನ ಇರಲಿಲ್ಲ ಆ ನಗುವಿನಲ್ಲಿ. ಆತನಿಗೆ ಓದು ಬರಹ ಬರುತ್ತಿರಲಿಲ್ಲ. ತೊಟ್ಟಿಯಲ್ಲಿ ಹಾರ್ಮೋನಿಯಂ ಮಾಯಣ್ಣ, ಡೋಲಕ್ಕಿನವರು, ಹಿಮ್ಮೇಳದವರು ಎಂದು ಐದಾರು ಜನ ಕೂತು ಪದ ಕಟ್ಟುವಾಗ ನಾನು ಕಂಬಕ್ಕೆ ಒರಗಿ ಕೂರಬೇಕಿತ್ತು. ಒಮ್ಮೆ ಕೇಳಿದ ಸಾಲು ನನಗೆ ಮರೆಯುತ್ತಿರಲಿಲ್ಲ. "ರತ್ನಿ, ಆ ಎರಡನೇದು ಏನಂದೆ ಮಗಾ" ಎಂದು ಅಪ್ಪ ಕೇಳಿದರೆ ತಟ್ಟನೆ ಹೇಳುತ್ತಿದ್ದೆ. ಮನೆಯಲ್ಲಿ ನನಗಿದ್ದ ಬೆಲೆ ಅದೇ.

ಅವ್ವ ಅಷ್ಟೂ ಜನಕ್ಕೆ ಮುದ್ದೆ ತೊಳಸುತ್ತಿದ್ದಳು. ಹುರುಳಿಕಾಳಿನ ಬಸ್ಸಾರು, ಇಲ್ಲದ ದಿನ ಉಪ್ಸಾರು ಮತ್ತು ಕಾರ. ಪದದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಚೆನ್ನಾಗಿದೆಯೇ ಎಂದು ಅಪ್ಪ ಕೇಳಿದರೆ "ಜನ ನಗ್ತಾರಲ್ಲ, ಇನ್ನೇನು" ಎನ್ನುತ್ತಿದ್ದಳು. ಅದು ಹೊಗಳಿಕೆಯೋ ತೆಗಳಿಕೆಯೋ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಮತ್ತೆ ಮತ್ತೆ ಕೇಳುತ್ತಿದ್ದ.

ಆ ವರ್ಷ ಮದುವೆಗಳ ಕಾಲದಲ್ಲಿ ಶ್ರೀರಂಗಪಟ್ಟಣದ ದೊಡ್ಡ ಮನೆಯೊಂದರಿಂದ ಕರೆ ಬಂತು. ಅಂಥ ಮನೆ ಅಪ್ಪನನ್ನು ಕರೆದದ್ದು ಅದೇ ಮೊದಲು. ತೊಟ್ಟಿಯಲ್ಲಿ ಹಗಲೆಲ್ಲ ತಾಲೀಮು. ಡೋಲಕ್ಕಿಗೆ ಹೊಸ ಚರ್ಮ ಹಾಕಿಸಲು ಅಪ್ಪ ಕೆ.ಆರ್. ಪೇಟೆಗೆ ಹೋದ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಮಾವ, ಅವ್ವನ ಅಣ್ಣ, ಸಿಕ್ಕಿದ. ಸಿಂಧಘಟ್ಟದ ಅಜ್ಜಿಗೆ ಹುಷಾರಿಲ್ಲ, ಮಗಳನ್ನೇ ಕೇಳುತ್ತಿದ್ದಾಳೆ, ಇವತ್ತೇ ಕಳಿಸಿ ಎಂದ. ಅಪ್ಪ ಆಯಿತು ಎಂದ. ಮನೆಗೆ ಬಂದ, ಚರ್ಮ ಹಾಕಿಸಿದ ಡೋಲಕ್ಕನ್ನು ಎಲ್ಲರಿಗೂ ಬಾರಿಸಿ ತೋರಿಸಿದ, ಸುದ್ದಿಯನ್ನು ಮಾತ್ರ ಹೇಳಲಿಲ್ಲ. ಅವ್ವ ಹೊರಟರೆ ಹಾಲು ಕರೆಯುವವರು ಯಾರು, ಮೇಳಕ್ಕೆ ಬೇಯಿಸುವವರು ಯಾರು, ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುವವರು ಯಾರು? ಮುದುಕಿಯರಿಗೆ ಹುಷಾರಿಲ್ಲದಿರುವುದು ಇದ್ದದ್ದೇ, ಮದುವೆ ಮುಗಿಸಿ ಕಳಿಸಿದರಾಯಿತು ಎಂದು ಲೆಕ್ಕ ಹಾಕಿದ. ಇದನ್ನೆಲ್ಲ ಆತನೇ ಆಮೇಲೆ ನನಗೆ ಹೇಳಿದ್ದು. ಕೆಟ್ಟತನದಿಂದ ಮಾಡಿದ್ದಲ್ಲ ಎಂದು ನಾನು ನಂಬುತ್ತೇನೆ. ಅದರಿಂದ ಏನೂ ಕಡಿಮೆಯಾಗುವುದಿಲ್ಲ ಎಂದೂ ನಂಬುತ್ತೇನೆ.

ಶ್ರೀರಂಗಪಟ್ಟಣದಲ್ಲಿ ಟ್ರಾಕ್ಟರಿನ ಪದವನ್ನು ಮತ್ತೆ ಮತ್ತೆ ಹೇಳಿಸಿದರಂತೆ. ಅಪ್ಪ ಜಿಲೇಬಿಯ ಪೊಟ್ಟಣ ಹಿಡಿದು ಬೆಳಿಗ್ಗೆ ಮನೆಗೆ ಬಂದ. ಅದನ್ನು ಅವ್ವನ ಕೈಗೆ ಕೊಟ್ಟು, ನಿಮ್ಮವ್ವನಿಗೆ ವಸಿ ಹುಷಾರಿಲ್ಲವಂತೆ, ಮಧ್ಯಾಹ್ನದ ಬಸ್ಸಿಗೆ ಹೋಗಿ ಬಾ ಎಂದ. ಅವ್ವ ಪೊಟ್ಟಣವನ್ನು ಒಲೆಯ ಕಟ್ಟೆಯ ಮೇಲಿಟ್ಟು ಸೀರೆ ಬದಲಿಸುತ್ತಿದ್ದಳು. ಅಷ್ಟರಲ್ಲಿ ಹೊಣಕೆರೆಯ ಫೋನಿನ ಅಂಗಡಿಯವರು ಸೈಕಲ್ಲು ತುಳಿದುಕೊಂಡು ಬಂದು, ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಒಳಗೆ ಬರದಿದ್ದುದೇ ಸುದ್ದಿ.

ಸಿಂಧಘಟ್ಟದ ಮನೆಯ ಮುಂದೆ ತೀರಿಹೋದ ಆ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವ್ವ ಇಳಿದು ಓಡುತ್ತಿದ್ದಂತೆ ಮಾವ ಎದುರು ಬಂದು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

"ಅವತ್ತೇ ನಿನ್ನ ಗಂಡನ ಕೈಲಿ ಯೇಳಿ ಕಳ್ಸಿದ್ನಲ್ಲವ್ವಾ. ಯಾಕ್ ಬರ್ಲಿಲ್ಲ? ಕೊನೇಗಂಟ ಬಾಗ್ಲು ನೋಡ್ತಿದ್ಲು."

ಅವ್ವ ತಿರುಗಿ ಅಪ್ಪನನ್ನು ನೋಡಿದಳು. ಹೋಗಿ ತನ್ನ ಅವ್ವನ ಕಾಲ ಬಳಿ ಕೂತಳು.

ನಮ್ಮಲ್ಲಿ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡಾಡಿಕೊಂಡು ಅಳುತ್ತಾರೆ. ಅದಕ್ಕೊಂದು ರಾಗ ಇದೆ, ಸಾಲು ಸಾಲಾಗಿ ಮಾತು ಬರುತ್ತದೆ, ಪ್ರತಿ ಸಾಲಿನ ಕೊನೆಗೆ ಸತ್ತವರನ್ನು ಕರೆಯುತ್ತಾರೆ. ಅದಕ್ಕೆ ಎರಡು ಕಟ್ಟಳೆ. ಅಳುವಾಗ ಹೆಂಗಸು ಯಾರ ಮೇಲೆ ಏನು ಬೇಕಾದರೂ ಹೇಳಬಹುದು, ಅತ್ತೆಯ ಮೇಲೆ, ಗಂಡನ ಮೇಲೆ, ದೇವರ ಮೇಲೆ. ಅಳುವಲ್ಲಿ ಆಡಿದ ಮಾತಿಗೆ ಎದುರು ಮಾತಿಲ್ಲ. ಎರಡನೆಯದು, ಅಲ್ಲಿ ಆಡಿದ್ದು ಅಲ್ಲೇ ಮಣ್ಣಾಗಬೇಕು. ಯಾರೂ ಅದನ್ನು ಮನೆಗೆ ತರಬಾರದು, ಇನ್ನೊಂದು ಸಲ ಹೇಳಬಾರದು. ಅವ್ವ ಅಂದು ಮಧ್ಯಾಹ್ನವೆಲ್ಲ ಅತ್ತಳು. ಅದರಲ್ಲಿ ಈ ನಾಲ್ಕು ಸಾಲು ಬಂದವು:

ಬಸ್ಸು ಬಂದ ಸದ್ದಿಗೆಲ್ಲ ತಲೆ ಎತ್ತಿ ನೋಡಿದ್ಯಲ್ಲವ್ವ
ಅಗುಳಿ ಆಕ್ಬ್ಯಾಡಿ, ಮಗಳು ಬತ್ತಾಳೆ ಅಂದಿದ್ಯಲ್ಲವ್ವ
ನನ್ನ ಪಾಲಿನ ಅನ್ನವ ಬ್ಯಾರೆ ಮುಚ್ಚಿ ಮಡಗಿದ್ಯಲ್ಲವ್ವ
ಸುದ್ದಿಯ ಜೇಬಲ್ಲಿ ಮಡಗಿ ಅಳಿಮಯ್ಯ ನಗೋ ಪದ ಯೇಳಿದ್ನಲ್ಲವ್ವ

ಸುತ್ತ ಕೂತಿದ್ದ ಹೆಂಗಸರ ದನಿ ನಾಲ್ಕನೆಯ ಸಾಲಿಗೆ ಒಮ್ಮೆಲೇ ನಿಂತಿತು. ಗಂಡಸರು ನಿಂತಿದ್ದ ಕಡೆ ಅಪ್ಪ ಬೇವಿನ ಮರ ಹಿಡಿದುಕೊಂಡು ನೆಲ ನೋಡುತ್ತಿದ್ದ. ಯಾರೂ ಏನೂ ಅನ್ನುವಂತಿರಲಿಲ್ಲ, ಆತನೂ.

ತಿಥಿ ಮುಗಿಸಿಕೊಂಡು ಅವ್ವ ವಾಪಸು ಬಂದಳು. ಬಂದವಳು ಅಪ್ಪನ ಜೊತೆ ಮಾತು ಬಿಟ್ಟಳು. ಹಾಗೆಂದು ಮನೆಯ ಕೆಲಸ ಒಂದೂ ನಿಲ್ಲಲಿಲ್ಲ. ಹಾಲು ಕರೆದಳು, ಮುದ್ದೆ ತೊಳಸಿದಳು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದಳು. ಅಪ್ಪನ ತಟ್ಟೆ ಮಾತ್ರ ನನ್ನ ಕೈಯಿಂದ ಹೋಗಬೇಕು, ಅಪ್ಪನಿಗೆ ಹೇಳಬೇಕಾದ್ದು ನನ್ನ ಬಾಯಿಂದ ಹೋಗಬೇಕು. ಮೂವರೂ ಒಂದೇ ಅಡುಗೆಮನೆಯಲ್ಲಿ ಕೂತಿರುವಾಗ, "ನಿಮ್ಮಪ್ಪಂಗೆ ಕೇಳು, ಸಾರು ಬೇಕಾ" ಎಂದು ಅವ್ವ ಹೇಳುವುದು, ನಾನು ತಿರುಗಿ ಕೇಳುವುದು, ಅಪ್ಪ ನನಗೆ "ವಸಿ ಆಕುಸ್ಕೊ" ಎನ್ನುವುದು. ಮೊದಮೊದಲು ನನಗೆ ಇದು ಆಟದಂತೆ ಇತ್ತು. ಆಮೇಲೆ ಹೆದರಿಕೆಯಾಯಿತು. ಇಸ್ಕೂಲಿನಿಂದ ಬಂದ ಕೂಡಲೇ ಚೀಲ ಎಸೆದು ಕತ್ತಲೆ ಕೋಣೆಗೆ ಹೋಗಿ, ಬಗ್ಗಿ, ಮಂಚದ ಕೆಳಗೆ ಟ್ರಂಕು ಇದೆಯೇ ಎಂದು ಕೈಯಾಡಿಸಿ ನೋಡುತ್ತಿದ್ದೆ. ತಗಡು ಕೈಗೆ ತಣ್ಣಗೆ ತಾಕಿದ ಮೇಲೆಯೇ ಹಸಿವಾಗುತ್ತಿದ್ದುದು.

ಸಾವುಕಾರರಿಗೆ ಹೊಸ ಕ್ಯಾಸೆಟ್ಟು ಬೇಕಿತ್ತು. ಟ್ರಾಕ್ಟರು ಓಡಿದೆ, ಈ ಸಲ ಲಾರಿ ತನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಮಾಯಣ್ಣ ಹಾರ್ಮೋನಿಯಂ ಹಿಡಿದು ಬಂದು ಕೂರುತ್ತಿದ್ದ, ಅಪ್ಪ ಲಾರಿಯ ಮೇಲೆ ಒಂದು ಸಾಲು ಎತ್ತುತ್ತಿದ್ದ, ಎರಡನೆಯ ಸಾಲಿಗೆ ಬಾಯಿ ಕಟ್ಟುತ್ತಿತ್ತು. ನಗೋ ಪದ ಎಂಬ ಮಾತು ಆತನ ಗಂಟಲಿಗೆ ಅಡ್ಡ ನಿಂತಿತ್ತು, ಈಗ ನನಗೆ ಅರ್ಥವಾಗುತ್ತದೆ. ಹೀಗಿರುವಾಗ ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಾ ಅಪ್ಪ ಗುನುಗಿದ್ದು ಲಾರಿಯಲ್ಲ, ಸಿಂಧಘಟ್ಟದ ರಾಗ. ಬಸ್ಸು ಬಂದ ಸದ್ದಿಗೆಲ್ಲ. ಪಡಸಾಲೆಯಲ್ಲಿ ಅಜ್ಜಿ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಲೇ ನಂಜ, ಸಾವಿನ ಮನೆ ಪದಾನ ಸೂರಿನ ಕೆಳ್ಗೆ ತಂದ್ಯಾ? ಇನ್ನೊಂದು ಸಾವ ಕರೀತಾ ಇದ್ದೀಯ ಕಣ್ಲಾ."

ಅಪ್ಪ ಎರಡು ದಿನ ಬಾವಿಯ ಹತ್ತಿರ, ತೆಂಗಿನ ತೋಟದಲ್ಲಿ ಗುನುಗಿಕೊಂಡ. ಆಮೇಲೆ ಮಾಯಣ್ಣನನ್ನು ಕರೆದು ತೊಟ್ಟಿಯ ನಟ್ಟನಡುವೆ ಕೂರಿಸಿ ಶುರು ಮಾಡಿಯೇಬಿಟ್ಟ. ಅಜ್ಜಿ ಕೂಗಾಡಿದರೆ ಮೇಲೆ ಕೈ ತೋರಿಸಿ, ಇಲ್ಲಿ ಆಕಾಶ ಇದೆಯೇ ಹೊರತು ಸೂರು ಎಲ್ಲಿದೆ ಎಂದ. ಅಜ್ಜಿಯ ಕಾನೂನಿಗೆ ಅಜ್ಜಿಯ ಮಗನೇ ಹುಡುಕಿದ ಸಂದು ಅದು. ಸೂರಿನ ಅಂಚಿನಿಂದ ಒಂದು ಗೇಣು ಈಚೆಗೆ ಹಾರ್ಮೋನಿಯಂ, ಒಂದು ಗೇಣು ಆಚೆಗೆ ಅಜ್ಜಿಯ ಬೈಗುಳ. ನನಗೆ ನಗು ಬರುತ್ತಿತ್ತು, ಆದರೆ ಅಡುಗೆಮನೆಯ ಕಡೆ ನೋಡಿದರೆ ನಗು ಅಲ್ಲೇ ಸಾಯುತ್ತಿತ್ತು. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತಿರುತ್ತಿದ್ದಳು.

ಅಪ್ಪ ಅವಳ ಅಳುವನ್ನು ಬಹಳ ಜತನದಿಂದ ಪದ ಮಾಡಿದ. ಇಷ್ಟು ವರ್ಷ ಆತ ಕಟ್ಟಿದ್ದು ಒಂದೂ ಹಾಗಿರಲಿಲ್ಲ. ನಿಧಾನ, ಏರಿಳಿತ ಕಡಿಮೆ, ಮಾತು ಮುಂದೆ, ಹಾರ್ಮೋನಿಯಮ್ಮಿನ ಬಾಜ ಹಿಂದೆ. ಮಾಯಣ್ಣ ಕೂಡ ತಲೆ ಕುಣಿಸುವುದನ್ನು ಬಿಟ್ಟು ನೆಟ್ಟಗೆ ಕೂತು ನುಡಿಸುತ್ತಿದ್ದ. ಒಂದೊಂದು ನುಡಿಗೂ ನಾಲ್ಕು ಸಾಲು. ಆದರೆ ಬಸ್ಸಿನ ನುಡಿಗೆ ಬಂದಾಗ ಅಪ್ಪ ಮೂರು ಸಾಲು ಹೇಳಿ ಬಾಯಿ ಮುಚ್ಚುತ್ತಿದ್ದ. ನಾಲ್ಕನೆಯ ಸಾಲಿನ ಜಾಗದಲ್ಲಿ ಬರೀ ಹಾರ್ಮೋನಿಯಂ. ಯಾಕೆ ಇಲ್ಲಿ ಖಾಲಿ ಎಂದು ಮಾಯಣ್ಣ ಕೇಳಿದರೆ, "ಅಲ್ಲಿ ನಿನ್ನ ಬಾಜ ಬರ್ಲಿ ಬುಡು" ಎಂದ. ಮಾಯಣ್ಣ ಸಿಂಧಘಟ್ಟಕ್ಕೆ ಬಂದಿರಲಿಲ್ಲ, ಆತನಿಗೆ ತಿಳಿಯದು. ಮನೆಯವರಿಗೆಲ್ಲ ತಿಳಿದಿತ್ತು. ದಿನಾ ಮಧ್ಯಾಹ್ನ ಆ ಖಾಲಿ ಜಾಗ ಬಂದಾಗ ಅಜ್ಜಿಯ ಕುಟ್ಟಾಣಿ ನಿಲ್ಲುತ್ತಿತ್ತು, ಅಡುಗೆಮನೆಯಲ್ಲಿ ಊದುಗೊಳವೆಯ ಸದ್ದು ನಿಲ್ಲುತ್ತಿತ್ತು. ಒಂದು ದಿನ ಅಪ್ಪ ನನ್ನ ಕಡೆ ತಿರುಗಿ, ಅನ್ನ ಮುಚ್ಚಿಟ್ಟೆ ಅಂದಮೇಲೆ ನಿಮ್ಮವ್ವ ಏನೋ ಅಂದಳಲ್ಲ, ಏನು ಮಗಾ ಎಂದ. ನನಗೆ ಗೊತ್ತು ಎಂದು ಆತನಿಗೆ ಗೊತ್ತು. ಆತನಿಗೇ ಗೊತ್ತು ಎಂದು ನನಗೆ ಗೊತ್ತು. ನನ್ನ ಬಾಯಿಂದ ಬಂದರೆ ಹೇಳಿಯೇಬಿಡುತ್ತಿದ್ದನೋ ಏನೋ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತು ನನ್ನನ್ನೇ ನೋಡುತ್ತಿದ್ದಳು.

"ಮರ್ತೋಯ್ತಪ್ಪ" ಎಂದೆ.

ಅಂದು ಊಟದ ಹೊತ್ತಿಗೆ ಮಾತು ಹೊತ್ತಿಕೊಂಡಿತು. ಅಪ್ಪ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯದೆ, ನನ್ನನ್ನು ದಾಟಿ ನೇರವಾಗಿ ಅವ್ವನಿಗೇ ಹೇಳಿದ.

"ಇಷ್ಟು ದಿನ ನಾನು ಯೇಳಿದ್ದೆಲ್ಲ ಹೊಟ್ಟು ಕಣೆ ಜಯಾ. ಇದೊಂದೇ ಕಾಳು. ಇದ ಬುಡಾಕೆ ನನ್ ಕೈಲಾಗಾಕಿಲ್ಲ."

ಅವ್ವ ನನ್ನ ಕಡೆ ತಿರುಗಿದಳು.

"ನಿಮ್ಮಪ್ಪಂಗೆ ಯೇಳು ಮಗಾ. ಕಾಳು ನಂದು. ಬೆಳ್ದೋಳು ನಾನು. ಅದ ಕ್ಯಾಸೆಟ್ಟಿಗೆ ಆಕುದ್ರೆ ನಾನು ಸಿಂಧಘಟ್ಟಕ್ಕೆ ಒಂಟೋಯ್ತೀನಿ ಅನ್ನು. ಅವ್ವ ಇಲ್ದಿದ್ರೂ ಆ ಬಾಗ್ಲು ಅದೆ."

ನಾನು ಯಾರಿಗೆ ಏನು ಹೇಳಲಿ? ಎರಡೂ ಮಾತು ಇಬ್ಬರಿಗೂ ಕೇಳಿಸಿತ್ತು. ಅಪ್ಪ ಕೈ ತೊಳೆದು ಎದ್ದ. ಮುದ್ದೆಯ ಮುಂದೆ ಕೂತು ಉಣ್ಣದೆ ಏಳುವುದು ನಮ್ಮ ಮನೆಯಲ್ಲಿ ಅದುವರೆಗೆ ಆಗಿರಲಿಲ್ಲ. ಅಜ್ಜಿ ಅದಕ್ಕೂ ಒಂದು ಕಾನೂನು ಹೇಳುತ್ತಾಳೆಂದು ಕಾದೆ. ಆಕೆ ಕುಟ್ಟಾಣಿ ಎಳೆದುಕೊಂಡು ಎಲೆಯಡಿಕೆ ಕುಟ್ಟತೊಡಗಿದಳು. ಮಾರನೆಯ ಬೆಳಿಗ್ಗೆ ಟ್ರಂಕು ಮಂಚದ ಕೆಳಗಿರಲಿಲ್ಲ, ಮೇಲೆ ಇತ್ತು. ಅವ್ವ ಅದರ ಧೂಳು ಒರೆಸುತ್ತಿದ್ದಳು. ನಾನು ಅಂದು ಇಸ್ಕೂಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ, ಯಾಕೆಂದು ಅವ್ವ ಕೇಳಲಿಲ್ಲ.

ಸಾವುಕಾರರು ಬಂದದ್ದು ಅದೇ ದಿನ, ಮಧ್ಯಾಹ್ನ, ಸ್ಕೂಟರಿನಲ್ಲಿ. ಲಾರಿಯ ಪದ ಕೇಳಲು ಬಂದವರು. ಎಳನೀರು ಕುಡಿದು, ಕರ್ಚೀಫು ಹಾಸಿ ತೊಟ್ಟಿಯ ಅಂಚಿನಲ್ಲಿ ಕೂತರು. ಅಪ್ಪ, ಲಾರಿ ಇನ್ನೂ ಆಗಿಲ್ಲ, ಬೇರೆ ಒಂದಿದೆ ಎಂದು ಹೇಳಿ, ಅಡುಗೆಮನೆಯ ಕಡೆ ನೋಡದೆ ಹಾಡಿದ. ಸಾವುಕಾರರು ಕೆಟ್ಟ ಮನುಷ್ಯರಲ್ಲ. ಮೊದಲ ನುಡಿಗೆ ಅವರ ಕಾಲಾಟ ನಿಂತಿತು, ಎರಡನೆಯದಕ್ಕೆ ಕನ್ನಡಕ ತೆಗೆದರು. ಇದನ್ನು ಮದುವೆಮನೆಯಲ್ಲಿ ಯಾರು ಹಾಕುತ್ತಾರೆ ನಂಜಣ್ಣ, ಆದರೂ ಬಿಡಬೇಡ, ಬಿ ಸೈಡಿನ ಕೊನೆಗೆ ಹಾಕೋಣ ಎಂದರು. ಆಮೇಲೆ ವ್ಯಾಪಾರಿಯ ಕಿವಿ ಎಚ್ಚರವಾಯಿತು. ಬಸ್ಸಿನ ನುಡಿಯಲ್ಲಿ ಒಂದು ಸಾಲು ಕಡಿಮೆ ಇದೆ, ಕೇಳಿದವರು ಟೇಪು ಹಾಳಾಗಿದೆ ಎಂದು ಅಂಗಡಿಗೆ ವಾಪಸು ತರುತ್ತಾರೆ, ಏನಾದರೂ ತುಂಬು, ದೇವರಿಗೆ ಕರುಣೆ ಇಲ್ಲ ಅಂತ ಹಾಕು ಎಂದರು. ಸಾಲು ಕಟ್ಟುವುದು ಅಪ್ಪನಿಗೆ ಎಷ್ಟು ಹೊತ್ತಿನ ಕೆಲಸ! ಕಣ್ಣು ಮುಚ್ಚಿ ತೆಗೆದು, "ದ್ಯಾವ್ರಿಗೂ ಕರುಣೆ ಇಲ್ದೋಯ್ತು, ನಿನ್ನ ಕರ್ಕೊಂಡೋದ್ನಲ್ಲವ್ವ" ಎಂದು ಮೂರು ಸಾಲಿಗೆ ನಾಲ್ಕನೆಯದನ್ನು ಅಂಟಿಸಿ ಹಾಡಿದ. ಕೂತಿತು. ಯಾರಿಗೂ ಅನುಮಾನ ಬರದಷ್ಟು ಚೆನ್ನಾಗಿ ಕೂತಿತು. ಸಾವುಕಾರರು ತೊಡೆ ತಟ್ಟಿದರು.

ಅವ್ವ ಹೊರಗೆ ಬಂದಳು. ಮುದ್ದೆಗೆ ಹಿಟ್ಟು ಬಿಟ್ಟಿದ್ದಳು, ಮುದ್ದೆ ಕೋಲು ಕೈಯಲ್ಲೇ ಇತ್ತು, ಅದರ ತುದಿಯಿಂದ ಹಬೆ ಏಳುತ್ತಿತ್ತು. ಪರಗಂಡಸರ ಎದುರು ಅವಳು ತೊಟ್ಟಿಗೆ ಇಳಿದು ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನನ್ನು ನೋಡಲಿಲ್ಲ. ಅಪ್ಪನನ್ನೇ ನೋಡಿದಳು. ಸಿಂಧಘಟ್ಟದಿಂದ ಬಂದ ಮೇಲೆ ಆತನಿಗೆ ಅವಳು ಆಡಿದ ಮೊದಲ ಮಾತು ಅದು.

"ದ್ಯಾವ್ರ ಮ್ಯಾಲ್ಯಾಕೆ ಆಕ್ತೀರಿ? ಸುದ್ದಿ ಬಂದಿದ್ದು ದ್ಯಾವ್ರ ಕೈಗಲ್ಲ."

ಮುದ್ದೆ ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಅಲ್ಲಿರೋ ಮಾತು ನಿಮ್ಗೂ ಗೊತ್ತು, ಮಗೀಗೂ ಗೊತ್ತು. ಯೇಳೋದಾದ್ರೆ ಅದ ಯೇಳಿ. ಇಲ್ದಿದ್ರೆ ನನ್ನ ಅಳುವ ನಂಗೆ ಬುಟ್ಬುಡಿ."

ಪಡಸಾಲೆಯಿಂದ ಅಜ್ಜಿ, ಗಂಡನ ಮಾನವನ್ನು ಊರ ಮೈಕಿಗೆ ಹಾಕಿಸುತ್ತೀಯಾ ಎಂದು ಗದರಿದಳು. ಅವ್ವ ಅದಕ್ಕೆ ತಿರುಗಲಿಲ್ಲ. ಸಾವುಕಾರರು ಕನ್ನಡಕ ಹಾಕಿಕೊಂಡು ಸ್ಕೂಟರಿನ ಕಡೆ ನೋಡಿದರು. ಮಾಯಣ್ಣನ ಬೆರಳು ಹಾರ್ಮೋನಿಯಮ್ಮಿನ ಸ್ವರಪಟ್ಟಿಯ ಮೇಲೆ, ಗಾಳಿಯ ತಿದಿ ಅರ್ಧ ತೆರೆದು ನಿಂತಿತ್ತು. ನನ್ನ ಕಣ್ಣಿಗೆ ಕಾಣುತ್ತಿದ್ದುದು ಮಂಚದ ಮೇಲಿನ ಟ್ರಂಕು ಒಂದೇ. ತೊಟ್ಟಿಯ ಬಿಸಿಲು ನನ್ನ ಕಾಲಿನ ಮೇಲೆ ಉರಿಯುತ್ತಿತ್ತು, ಕಾಲು ಎಳೆದುಕೊಳ್ಳಲೂ ಹೆದರಿ ಹಾಗೇ ಕೂತಿದ್ದೆ.

"ಎತ್ಕೊ ಮಾಯಣ್ಣ" ಎಂದ ಅಪ್ಪ.

ಬಸ್ಸಿನ ಸಾಲು ಹೇಳಿದ. ಅಗುಳಿಯ ಸಾಲು ಹೇಳಿದ. ಅನ್ನದ ಸಾಲು ಹೇಳಿದ. ಅಲ್ಲಿಗೆ ಬಂದಾಗ ಮಾಯಣ್ಣ ರೂಢಿಯಂತೆ ಬಾಜ ಏರಿಸಿದ. ಅಪ್ಪ ಕೈ ಚಾಚಿ ಹಾರ್ಮೋನಿಯಮ್ಮಿನ ತಿದಿಯನ್ನು ಅಂಗೈಯಿಂದ ಒತ್ತಿ ಹಿಡಿದ. ಸ್ವರ ಉಸಿರು ಕಟ್ಟಿ ನಿಂತಿತು. ಬಾಜವಿಲ್ಲದೆ, ಡೋಲಕ್ಕಿಲ್ಲದೆ, ಅಷ್ಟೂ ಜನರ ಮುಂದೆ, ಸುದ್ದಿಯ ಜೇಬಲ್ಲಿ ಮಡಗಿ ಅಳಿಮಯ್ಯ ನಗೋ ಪದ ಯೇಳಿದ್ನಲ್ಲವ್ವ ಎಂದು ಪೂರ್ತಿ ಹೇಳಿದ. ಶ್ರುತಿ ತಪ್ಪದ ಪದದ ನಂಜಣ್ಣನ ಶ್ರುತಿ ಅಲ್ಲಿ ತಪ್ಪಿತು. ಅದನ್ನು ಸರಿ ಮಾಡಿಕೊಳ್ಳಲು ಆತ ಎರಡನೆಯ ಸಲ ಹೇಳಲಿಲ್ಲ.

ಅವ್ವ ಕೊನೆಯವರೆಗೆ ನಿಂತು ಕೇಳಿದಳು. "ಅಂಗೆ" ಎಂದಳು. ಒಳಗೆ ಹೋದಳು. ಒಲೆಯ ಮೇಲೆ ಬಿಟ್ಟು ಬಂದಿದ್ದ ಹಿಟ್ಟು ಅಷ್ಟರಲ್ಲಿ ಗಂಟುಗಂಟಾಗಿತ್ತು, ಅದನ್ನೇ ಕೂಡಿಸಿ ಕಟ್ಟಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೂಗು ಬಂತು, ನನಗಲ್ಲ.

"ಕೈ ತೊಳ್ಕಳಿ. ಆರೋಯ್ತದೆ."

ಅಪ್ಪ ಆ ಗಂಟು ಮುದ್ದೆಯನ್ನು ಒಂದು ಚೂರೂ ಬಿಡದೆ ಉಂಡ. ಸಾವುಕಾರರೂ ಉಂಡರು, ಅವರಿಗೆ ಗಂಟು ಮುದ್ದೆ ಯಾಕೆಂದು ಗೊತ್ತಾಗಿರಬೇಕು. ನಾನು ಸಂಜೆ ಕತ್ತಲೆ ಕೋಣೆಗೆ ಹೋಗಿ ನೋಡಿದೆ. ಟ್ರಂಕು ಮಂಚದ ಕೆಳಗೆ ಹೋಗಿತ್ತು.

ಆ ಪದ ಬಿ ಸೈಡಿನ ಕೊನೆಯಲ್ಲಿ ಬಂತು, ಬಾಜ ನಿಲ್ಲುವ ಜಾಗದ ಸಮೇತ. ಮದುವೆಮನೆಗಳಲ್ಲಿ ಯಾರೂ ಹಾಕಲಿಲ್ಲ. ಆದರೆ ರಾಗಿ ಮಿಲ್ಲಿನಲ್ಲಿ ಹೆಂಗಸರು ಅದನ್ನೇ ಹಾಕಿಸತೊಡಗಿದರು, ಆಮೇಲೆ ಟೀ ಅಂಗಡಿಗಳಲ್ಲಿ, ಆಮೇಲೆ ಅಪ್ಪ ಎಲ್ಲಿ ಹೋದರೂ ಟ್ರಾಕ್ಟರು ಮುಗಿದ ಮೇಲೆ ಬಸ್ಸಿನದು ಹೇಳಿ ಎಂದು ಚೀಟಿ ಬರುತ್ತಿತ್ತು. ನಾಲ್ಕನೆಯ ಸಾಲಿಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರಪ್ಪ ಆ ಅಳಿಮಯ್ಯ ಎಂದು ಕುಡಿದವನೊಬ್ಬ ಕೂಗಿದಾಗ ಅಪ್ಪ "ನಾನೇ" ಎಂದನಂತೆ, ಮಾಯಣ್ಣ ಬಂದು ಹೇಳಿದ. ಬೇರೆ ಮೇಳದವರೂ ಸಾವು, ತವರು, ಅಣ್ಣತಮ್ಮಂದಿರ ಪಾಲು ಎಂದು ಅಂಥವನ್ನೇ ಕಟ್ಟಲು ಹೊರಟರು. ಎಷ್ಟೋ ಜನ ಚೆನ್ನಾಗಿಯೇ ಕಟ್ಟಿದರು. ನಾನೂ ಮುಂದೆ ಕಟ್ಟತೊಡಗಿದೆ. ಈಗಿನ ಮಕ್ಕಳು ಕಟ್ಟಿ ತಂದು ಹೇಳಿದಾಗ ನನ್ನ ಕಿವಿ ರಾಗಕ್ಕೆ ಹೋಗುವುದಿಲ್ಲ, ಎಲ್ಲಿ ದೇವರನ್ನು ತಂದು ಕೂರಿಸಿದ್ದಾರೆ ಎಂದು ಹುಡುಕುತ್ತದೆ. ಸಿಡುಕಿ ಎನ್ನುತ್ತಾರೆ ನನ್ನನ್ನು. ಸರಿಯಾಗಿಯೇ ಅನ್ನುತ್ತಾರೆ.

ಅವ್ವ ಅಪ್ಪನನ್ನು ಕ್ಷಮಿಸಿದಳೇ? ಇಲ್ಲ ಎಂದೇ ನನ್ನ ಅಂದಾಜು. ಜಿಲೇಬಿಯನ್ನು ಅವಳು ಮತ್ತೆ ಬಾಯಿಗಿಡಲಿಲ್ಲ. ಮಾತಾಡಿದಳು, ಜಗಳವಾಡಿದಳು, ಪದ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳಿದಳು. ಅಪ್ಪ ಆಮೇಲೆ ನಗೋ ಪದವನ್ನೂ ಕಟ್ಟಿದ, ಮೊದಲಿನಷ್ಟಲ್ಲ. ಕಟ್ಟಿದಾಗೆಲ್ಲ ಮೊದಲು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿ ತೋರಿಸುತ್ತಿದ್ದ. ಅವ್ವ ನಗದಿರಲು ತುಟಿ ಕಚ್ಚಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅಪ್ಪ ಹೋದ. ಅದೇ ತೊಟ್ಟಿಯ ಪಕ್ಕದ ಪಡಸಾಲೆಯಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ್ದೆವು. ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ ಪದದವರೆಲ್ಲ ಬಂದಿದ್ದರು. ಸಿಂಧಘಟ್ಟದ ಮಾವ ಕೋಲು ಊರಿಕೊಂಡು ಬಂದಿದ್ದ. ಬಂದವರಿಗೆಲ್ಲ ಆ ನಾಲ್ಕನೆಯ ಸಾಲು ಗೊತ್ತು, ಈಗ ಹೆಂಡತಿ ಅಳುವಾಗ ಏನು ಹೇಳುತ್ತಾಳೆ ಎಂದು ಎಲ್ಲರೂ ಕಾದಿದ್ದರು. ನಾನೂ ಕಾದಿದ್ದೆ, ಸುಳ್ಳೇಕೆ ಹೇಳಲಿ. ಅಳುವಾಗ ಹೆಂಗಸು ಏನು ಬೇಕಾದರೂ ಹೇಳಬಹುದಲ್ಲ. ಅವ್ವ ಬಂದು ಆತನ ಕಾಲ ಬಳಿ ಕೂತಳು. ಆತನ ಪಂಚೆಯ ಅಂಚನ್ನು ಸರಿ ಮಾಡಿದಳು. ಆಮೇಲೆ, ಸಿಂಧಘಟ್ಟದಲ್ಲಿ ಎತ್ತಿದ್ದ ಅದೇ ರಾಗದಲ್ಲಿ, ಮಾತು ಬಂತು.

"ನಗೋ ಪದ ಯೇಳೋರು ಈ ಮನೇಲಿ ಇನ್ಯಾರವ್ರೆ ನನ್ನ ದೊರೆಯೇ."

ಹಿಂದೆ ಮಾಯಣ್ಣ ಬಿಕ್ಕಿದ್ದು ಕೇಳಿಸಿತು. ಅಳುವಲ್ಲಿ ಆಡಿದ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ.